ದುರ್ಗದ ವಕೀಲರು, ದಿಲ್ಲಿಯ ಸಭೆಗಳು

ಕನ್ನಡ ನಾಡಿನ ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಬರೆಯಹೊರಟವರು ಜಿಲ್ಲಾ ಊರುಗಳ ವಕೀಲರನ್ನು ಮರೆಯುವಂತಿಲ್ಲ. ಸರ್ಕಾರದ ಭಾಷೆ ಒಂದು, ಒಕ್ಕಲು ಮಕ್ಕಳ ಭಾಷೆ ಇನ್ನೊಂದು ಆಗಿದ್ದ ಕಾಲವದು. ಜಮೀನಿನ ಎಲ್ಲೆ, ಕೆರೆಯ ನೀರಿನ ಸರದಿ, ದಾಯಾದಿಗಳ ಪಾಲು, ಸಾಲದ ಪತ್ರ ಇವುಗಳ ತೊಡಕಿನಲ್ಲಿ ಸಿಕ್ಕವರು ಬುತ್ತಿ ಕಟ್ಟಿಕೊಂಡು ಜಿಲ್ಲೆಯ ಊರಿಗೆ ಬಂದು ನಿಲ್ಲುತ್ತಿದ್ದುದು ವಕೀಲರ ಮನೆಯ ಜಗಲಿಯ ಮೇಲೆ. ಅವರ ಕಷ್ಟವನ್ನು ಅವರ ಮಾತಿನಲ್ಲಿ ಕೇಳಿ, ಸರ್ಕಾರಕ್ಕೆ ತಿಳಿಯುವ ಮಾತಿನಲ್ಲಿ ಬರೆಯುವುದು ಆತನ ಕೆಲಸ. ಈ ವರ್ಗದಿಂದಲೇ ನಾಡಿಗೆ ಅನೇಕ ಹಿರಿಯರು ದೊರೆತರು. ವಿಜಾಪುರದ ವಕೀಲ ಫ. ಗು. ಹಳಕಟ್ಟಿಯವರು (1880–1964) ಓಲೆಗರಿಗಳನ್ನು ಊರೂರಿನಿಂದ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ದಸ್ತಾವೇಜನ್ನು ಹುಡುಕುವ, ಕೈಗೆ ಸಿಕ್ಕದ್ದನ್ನು ಕಾಪಾಡುವ ವಕೀಲಿ ಶೀಲ ಅಲ್ಲಿ ವಚನ ವಾಙ್ಮಯದ ಸೇವೆಗೆ ಸಂದಿತು. ಅದೇ ಶೀಲವನ್ನು ದಿಲ್ಲಿಯ ಶಾಸನ ಸಭೆಗಳಿಗೆ ಒಯ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು (1902–2000). ಅವರ ಗೆಲುವಿಗೂ ಸೋಲಿಗೂ ಕಾರಣವನ್ನು ಈ ಶೀಲದಲ್ಲಿಯೇ ಹುಡುಕಬೇಕಾಗುತ್ತದೆ.

ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ ಜನಿಸಿದರು. ಆಗ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಇಂದು ವಿಜಯನಗರ ಜಿಲ್ಲೆಗೆ ಸೇರಿದೆ. ಮನೆತನ ಸಣ್ಣ ವ್ಯಾಪಾರದ್ದು, ಶಿವಭಕ್ತಿಯದು. ಐದರ ಎಳೆಯ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡರು. ದಾವಣಗೆರೆಯಲ್ಲಿ ವೀರಪ್ಪ ಮಾಸ್ತರರೆಂಬ ಹಳೆಯ ಕಾಲದ ಗುರುಗಳ ಬಳಿ ಮೊದಲ ವಿದ್ಯಾಭ್ಯಾಸ ನಡೆಯಿತು. ಬಸವಣ್ಣನವರ, ಅಕ್ಕಮಹಾದೇವಿಯ ಚರಿತ್ರೆ ಮತ್ತು ವಚನಗಳ ಪರಿಚಯವಾದುದು ಅಲ್ಲಿಯೇ. 1919ರಲ್ಲಿ ಚಿತ್ರದುರ್ಗದ ಪ್ರೌಢಶಾಲೆಯನ್ನು ಸೇರಿದ ಬಾಲಕನಿಗೆ ಆ್ಯನಿ ಬೆಸೆಂಟರ ಪುಸ್ತಕವೊಂದು ರಾಜಕೀಯದಲ್ಲಿ ಆಸಕ್ತಿಯನ್ನು ಮೂಡಿಸಿತು. 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನೂ 1926ರಲ್ಲಿ ಪುಣೆಯಿಂದ ಕಾನೂನು ಪದವಿಯನ್ನೂ ಪಡೆದು, ಚಿತ್ರದುರ್ಗಕ್ಕೆ ಹಿಂದಿರುಗಿ ವಕೀಲಿ ವೃತ್ತಿಯನ್ನು ಹಿಡಿದರು.

ಈ ಊರುಗಳ ಹೆಸರುಗಳನ್ನು ಒಮ್ಮೆ ನಕ್ಷೆಯ ಮೇಲೆ ಇಟ್ಟು ನೋಡಬೇಕು. ಹುಟ್ಟಿದ ಹಳ್ಳಿ ಮದರಾಸು ಪ್ರಾಂತದ್ದು. ಓದಿದ ದಾವಣಗೆರೆ, ಚಿತ್ರದುರ್ಗ, ಬೆಂಗಳೂರುಗಳು ಮೈಸೂರು ಸಂಸ್ಥಾನದವು. ಕಾನೂನು ಕಲಿತ ಪುಣೆ ಮುಂಬಯಿ ಪ್ರಾಂತದ್ದು. ಇಪ್ಪತ್ತನಾಲ್ಕು ವರ್ಷ ತುಂಬುವುದರೊಳಗೆ ಈ ತರುಣ ಮೂರು ಆಡಳಿತಗಳ ಕಾನೂನುಗಳ ಕೆಳಗೆ ಬಾಳಿದ್ದರು. ಕನ್ನಡಿಗರು ಹರಿದು ಹಂಚಿಹೋಗಿದ್ದಾರೆ ಎಂಬುದು ಅಂದಿನ ಸಭೆಗಳಲ್ಲಿ ನಿತ್ಯವೂ ಕೇಳಿಬರುತ್ತಿದ್ದ ಮಾತು. ನಿಜಲಿಂಗಪ್ಪನವರಿಗೆ ಅದು ಸ್ವಂತ ಅನುಭವದ ಸಂಗತಿ.

ರಾಷ್ಟ್ರೀಯ ಕಾಂಗ್ರೆಸ್ಸು 1920ರ ನಾಗಪುರ ಅಧಿವೇಶನದಲ್ಲಿ ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ಪುನರ್ರಚಿಸಲು ಒಪ್ಪಿತು. ಹೀಗೆ ಕರ್ನಾಟಕವು ಸರ್ಕಾರದ ದಫ್ತರಿನಲ್ಲಿ ಹುಟ್ಟುವುದಕ್ಕೆ ಮೂವತ್ತಾರು ವರ್ಷ ಮೊದಲೇ ಕಾಂಗ್ರೆಸ್ಸಿನ ದಫ್ತರಿನಲ್ಲಿ ಹುಟ್ಟಿತು. ಹುಬ್ಬಳ್ಳಿಯಲ್ಲಿ ಸೇವಾದಳವನ್ನು ಕಟ್ಟಿದ ಡಾ. ನಾ. ಸು. ಹರ್ಡೀಕರರ ಸಂಪರ್ಕ ನಿಜಲಿಂಗಪ್ಪನವರಿಗೆ ಒದಗಿತು. ಕೆಲವು ವರ್ಷ ಅಧಿವೇಶನಗಳಿಗೆ ಪ್ರೇಕ್ಷಕರಾಗಿ ಹೋಗಿಬಂದ ಅವರು 1936ರಿಂದ ಸಂಘಟನೆಯ ಕೆಲಸಕ್ಕೆ ಇಳಿದರು. ಸ್ವಯಂಸೇವಕರಾಗಿ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದರು.

ಮೈಸೂರು ಸಂಸ್ಥಾನದಲ್ಲಿ ಅದು ಬಿಸಿಯ ಕಾಲ. 1938ರ ಏಪ್ರಿಲ್ ತಿಂಗಳಲ್ಲಿ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಮುಂದಾಳ್ತನದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ ಕೊನೆಯಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಮರುವರ್ಷ, 1939ರಲ್ಲಿ, ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ಆರಂಭವಾಯಿತು. ಸೇಂದಿ ಇಳಿಸುವ ಈಚಲ ಮರಗಳನ್ನು ಸಾಲುಸಾಲಾಗಿ ಕಡಿದು ಕೆಡಹುವುದು ಅದರ ಕ್ರಮ. ಮರ ಸರ್ಕಾರದ್ದು; ಸೇಂದಿಯ ವರಮಾನವೂ ಸರ್ಕಾರದ್ದು; ಕುಡಿದು ಹಾಳಾಗುತ್ತಿದ್ದ ಮನೆಗಳು ಮಾತ್ರ ಬಡವರವು. ಆದ್ದರಿಂದ ಮರಕ್ಕೆ ಬಿದ್ದ ಕೊಡಲಿಯೇಟು ಅರಣ್ಯ ಕಾನೂನು, ಅಬಕಾರಿ ನೀತಿ ಎರಡನ್ನೂ ಒಟ್ಟಿಗೆ ತಾಕುತ್ತಿತ್ತು. ಈ ಸತ್ಯಾಗ್ರಹದ ನಾಯಕತ್ವ ವಹಿಸಿದ ನಿಜಲಿಂಗಪ್ಪನವರು ಸೆರೆಮನೆಯನ್ನು ಸೇರಿದರು.

ಕಾನೂನಿನ ಅನ್ನ ಉಣ್ಣುವವನು ಕಾನೂನನ್ನು ಮುರಿಯುವುದೆಂದರೆ ಏನೆಂಬುದನ್ನು ಇಲ್ಲಿ ಯೋಚಿಸಬೇಕು. ಸತ್ಯಾಗ್ರಹಿಯಾದ ವಕೀಲ ತಾನು ಮುರಿಯುತ್ತಿರುವ ಕಲಮು ಯಾವುದು, ಅದಕ್ಕೆ ಶಿಕ್ಷೆ ಎಷ್ಟು ಎಂಬುದನ್ನು ಬಲ್ಲ. ಬಲ್ಲವನಾಗಿಯೇ ಮುರಿಯುತ್ತಾನೆ, ಮುರಿದೆನೆಂದು ಒಪ್ಪುತ್ತಾನೆ, ವಿಧಿಸಿದ ಶಿಕ್ಷೆಯನ್ನು ಅನುಭವಿಸುತ್ತಾನೆ. ಕಾನೂನಿನ ಅಧಿಕಾರವನ್ನು ಒಟ್ಟಾರೆ ಅಲ್ಲಗಳೆಯದೆ, ಅನ್ಯಾಯದ ಕಾನೂನೊಂದನ್ನು ಮಾತ್ರ ಬೊಟ್ಟುಮಾಡಿ ತೋರಿಸುವ ಕ್ರಮವಿದು. ನುಡಿಗೂ ನಡೆಗೂ ನಡುವೆ ಬಿರುಕಿರಬಾರದೆಂಬುದು ಶರಣರು ಒರೆಹಚ್ಚಿ ಹೇಳಿದ ಸಂಗತಿ. ಎಳೆತನದಲ್ಲಿ ಆ ಪಾಠವನ್ನು ಕೇಳಿದವರು ನಡುವಯಸ್ಸಿನಲ್ಲಿ ಅದರ ಬೆಲೆಯನ್ನು ತೆತ್ತರು.

1946ರ ಡಿಸೆಂಬರ್ 9ರಂದು ದಿಲ್ಲಿಯಲ್ಲಿ ಸಂವಿಧಾನ ಸಭೆ ಸೇರಿತು. ಅದರ ಸದಸ್ಯರ ಪಟ್ಟಿಯನ್ನು ನೋಡಿದರೆ ಒಂದು ವಿಶೇಷ ಕಾಣುತ್ತದೆ. ಮೈಸೂರು ಸಂಸ್ಥಾನದ ಪ್ರತಿನಿಧಿಗಳಾಗಿ ಕೆ. ಸಿ. ರೆಡ್ಡಿ, ಟಿ. ಸಿದ್ಧಲಿಂಗಯ್ಯ, ಕೆಂಗಲ್ ಹನುಮಂತಯ್ಯ, ಎಚ್. ಸಿದ್ಧವೀರಪ್ಪ ಮೊದಲಾದವರಿದ್ದಾರೆ. ಅದೇ ಸಂಸ್ಥಾನದ ಚಿತ್ರದುರ್ಗದಲ್ಲಿ ಮನೆಮಾಡಿಕೊಂಡಿದ್ದ ನಿಜಲಿಂಗಪ್ಪನವರ ಹೆಸರು ಆ ಸಾಲಿನಲ್ಲಿ ಇಲ್ಲ. ಅದು ಇರುವುದು ಮುಂಬಯಿ ಪ್ರಾಂತದ ಪಟ್ಟಿಯಲ್ಲಿ, ರಂಗನಾಥ ದಿವಾಕರರೊಡನೆ, ಡಾ. ಅಂಬೇಡ್ಕರರೊಡನೆ, ಸರ್ದಾರ್ ಪಟೇಲರೊಡನೆ. ಕರ್ನಾಟಕ ಪ್ರಾಂತೀಯ ಕಾಂಗ್ರೆಸ್ಸಿನ ಮುಂದಾಳಾಗಿ ಅವರು ಹುಬ್ಬಳ್ಳಿ ಧಾರವಾಡಗಳಿಗೂ ತಮ್ಮವರಾಗಿದ್ದರು. ಮದರಾಸು ಪ್ರಾಂತದಲ್ಲಿ ಹುಟ್ಟಿ, ಮೈಸೂರಿನಲ್ಲಿ ನೆಲೆಸಿ, ಮುಂಬಯಿಯ ಪ್ರತಿನಿಧಿಯಾಗಿ ಸಂವಿಧಾನವನ್ನು ರಚಿಸಲು ಕುಳಿತ ಕನ್ನಡಿಗರಿವರು.

1949ರ ನವೆಂಬರ್ 26ರಂದು ಅಂಗೀಕಾರವಾದ ಆ ಸಂವಿಧಾನದ 3ನೆಯ ವಿಧಿ ನಮ್ಮ ನಾಡಿನ ಮಟ್ಟಿಗೆ ಬಹು ಮುಖ್ಯವಾದುದು. ಹೊಸ ರಾಜ್ಯವನ್ನು ರಚಿಸುವ, ಎಲ್ಲೆಗಳನ್ನು ಬದಲಿಸುವ, ಹೆಸರನ್ನು ಮಾರ್ಪಡಿಸುವ ಅಧಿಕಾರವನ್ನು ಅದು ಸಂಸತ್ತಿಗೆ ಕೊಟ್ಟಿತು. ಸಾಮಾನ್ಯ ಬಹುಮತದ ಶಾಸನದಿಂದಲೇ ಈ ಕಾರ್ಯ ಆಗಬಹುದೆಂಬುದರಿಂದ ಏಕೀಕರಣದ ಬಾಗಿಲಿಗೆ ಬೀಗವಿದ್ದರೂ ಬೀಗದ ಕೈ ಸಂಸತ್ತಿನಲ್ಲಿಯೇ ಇತ್ತು. ಆದರೆ ಕೈಯಾಡಿಸುವ ಮನಸ್ಸು ಹಿರಿಯರಿಗೆ ಇರಲಿಲ್ಲ. ಧಾರ್ ಆಯೋಗವು 1948ರ ಡಿಸೆಂಬರಿನಲ್ಲಿ ಭಾಷಾವಾರು ಪ್ರಾಂತಗಳು ಬೇಡವೆಂದಿತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯನವರ ಸಮಿತಿ 1949ರಲ್ಲಿ ಆ ಪ್ರಶ್ನೆಯನ್ನು ಮುಂದಕ್ಕೆ ಹಾಕಿತು.

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮೈಸೂರು ರಾಜ್ಯದ ಪಾಲಿಗೆ ಲೋಕಸಭೆಯ 11 ಸ್ಥಾನಗಳಿದ್ದವು. ಹಾಸನ–ಚಿಕ್ಕಮಗಳೂರು ಕ್ಷೇತ್ರದಿಂದ ಎಚ್. ಸಿದ್ಧನಂಜಪ್ಪನವರು, ಚಿತ್ರದುರ್ಗದಿಂದ ನಿಜಲಿಂಗಪ್ಪನವರು ಆರಿಸಿಬಂದರು. ನಿಜಲಿಂಗಪ್ಪನವರ ಪಾಲಿಗೆ ಬಂದುದು ಇಕ್ಕಟ್ಟಿನ ಸ್ಥಾನ. ಜನ ಕೇಳುತ್ತಿದ್ದುದು ಕೂಡಲೇ ಕರ್ನಾಟಕ. ಅವರ ಪಕ್ಷ ಹೇಳುತ್ತಿದ್ದುದು ತಾಳ್ಮೆ. 1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಅವರು ಉಪವಾಸದಲ್ಲಿ ಪ್ರಾಣ ತೊರೆದ ಮೇಲೆ ಆಂಧ್ರ ರಾಜ್ಯ ಘೋಷಿತವಾಯಿತು. ಸಾವಿಲ್ಲದೆ ಏನೂ ಸಿಕ್ಕದೆಂಬ ಭಾವನೆ ಕನ್ನಡಿಗರಲ್ಲಿಯೂ ಬೇರೂರಿತು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕುಳಿತರು. ಆ ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಜನರ ಸಿಟ್ಟು ಕಾಂಗ್ರೆಸ್ ಮುಖಂಡರ ಮೇಲೆಯೇ ತಿರುಗಿತು. ಏಕೀಕರಣಕ್ಕೆಂದೇ ಬೇರೆ ಪರಿಷತ್ತು ಹುಟ್ಟಿಕೊಂಡಿತು.

ಆ ಹೊತ್ತಿನಲ್ಲಿ ಪಕ್ಷ ತೊರೆದು ಜನರ ಜಯಕಾರವನ್ನು ಪಡೆಯುವುದು ಸುಲಭವಾಗಿತ್ತು. ನಿಜಲಿಂಗಪ್ಪನವರು ಪಕ್ಷವನ್ನೂ ಸಂಸತ್ತನ್ನೂ ಬಿಡಲಿಲ್ಲ. ಒಳಗಿದ್ದೇ ಒಪ್ಪಿಸುವ ಹಾದಿಯನ್ನು ಹಿಡಿದರು. ಈ ಕಾರಣಕ್ಕೆ ಹೇಡಿತನದ ಆರೋಪವೂ ಆ ಸಾಲಿನ ನಾಯಕರ ಮೇಲೆ ಬಂದಿತು. ನ್ಯಾಯವಾಗಿ ನೋಡಿದರೆ ಎರಡು ಕೈಗಳೂ ಬೇಕಾಗಿದ್ದವು. ಬೀದಿಯ ಒತ್ತಾಯವಿಲ್ಲದಿದ್ದರೆ ದಿಲ್ಲಿ ಕಿವಿಗೊಡುತ್ತಿರಲಿಲ್ಲ. ಕಿವಿಗೊಟ್ಟ ದಿಲ್ಲಿಗೆ ಕಾಗದ ಪತ್ರಗಳಿಂದ ಸಿದ್ಧಪಡಿಸಿದ ವಾದವಿಲ್ಲದಿದ್ದರೆ ಎಲ್ಲೆಗಳು ನಿಲ್ಲುತ್ತಿರಲಿಲ್ಲ. ಉಪವಾಸ ಕುಳಿತವರ ತ್ಯಾಗವನ್ನು ನೆನೆಯುವಾಗ ವಾದ ಸಿದ್ಧಪಡಿಸಿದವರ ಶ್ರಮವನ್ನು ಮರೆಯಬಾರದು. ಇವರನ್ನು ನೆನೆಯುವಾಗ ಅವರನ್ನೂ ಮರೆಯಬಾರದು.

ಬಳ್ಳಾರಿಯ ಪ್ರಕರಣ ಇದಕ್ಕೆ ಸಾಕ್ಷಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ತರುವಾಯ ಬಳ್ಳಾರಿ ತಾಲ್ಲೂಕು ಮೈಸೂರಿಗೆ ಬಂದಿತು, ಹರಪನಹಳ್ಳಿಯೂ ಬಂದಿತು. ನಿಜಲಿಂಗಪ್ಪನವರ ಹುಟ್ಟೂರು ಐವತ್ತು ವರ್ಷಗಳ ಮೇಲೆ ಅವರ ವೃತ್ತಿಯ ಊರಿನೊಡನೆ ಒಂದೇ ರಾಜ್ಯದಲ್ಲಿ ಸೇರಿತು. ಆದರೆ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್ 30ರಂದು ಕೊಟ್ಟ ವರದಿಯಲ್ಲಿ, ತುಂಗಭದ್ರಾ ಯೋಜನೆಯ ಕಾರಣ ನೀಡಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಮತ್ತೆ ಆಂಧ್ರಕ್ಕೆ ಕೊಡಬೇಕೆಂದಿತು. ಕರ್ನಾಟಕ ಬೇಕೆಂಬ ಮೊಕದ್ದಮೆ ಗೆದ್ದು, ಬಳ್ಳಾರಿಯ ಮೊಕದ್ದಮೆ ಸೋತಂತಾಯಿತು. ಕನ್ನಡ ನಾಡಿನ ಎಲ್ಲ ಕಡೆಯ ಪ್ರತಿನಿಧಿಗಳು ಇದನ್ನು ವಿರೋಧಿಸಿದರು; ಕೊನೆಗೆ ಆದ ಶಾಸನದಲ್ಲಿ ಬಳ್ಳಾರಿ ನಮ್ಮಲ್ಲಿಯೇ ಉಳಿಯಿತು.

ಈ ಮಂಟಪದ ಇನ್ನೊಂದು ಕಂಬವನ್ನೂ ನೋಡಬೇಕು. ಏಕೀಕರಣವಾದರೆ ಹೊಸ ರಾಜ್ಯದಲ್ಲಿ ಲಿಂಗಾಯತರ ಮೇಲುಗೈಯಾಗುತ್ತದೆ ಎಂಬ ಅಂಜಿಕೆ ಹಳೆಯ ಮೈಸೂರಿನಲ್ಲಿ ಬಲವಾಗಿತ್ತು. ಆಯೋಗವು ಈ ಅಂಜಿಕೆಯನ್ನು ಕಡೆಗಣಿಸದೆ ವಿಚಾರಿಸಿ, ಏಕೀಕೃತ ರಾಜ್ಯದಲ್ಲಿ ಯಾವೊಂದು ಸಮುದಾಯವೂ ಉಳಿದವರನ್ನು ಆಳುವಷ್ಟು ದೊಡ್ಡದಾಗದು ಎಂದು ತೀರ್ಮಾನಿಸಿತು. ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರಲ್ಲಿಯೇ ಹಲವರ ವಿರೋಧವನ್ನು ಎದುರಿಸಿ ಏಕೀಕರಣವನ್ನು ಎತ್ತಿಹಿಡಿದರು. ಅವರ ಈ ಧೀರತೆಯನ್ನು ಹೇಳದೆ ನಿಜಲಿಂಗಪ್ಪನವರನ್ನು ಮಾತ್ರ ಹೊಗಳುವುದು ಚರಿತ್ರೆಗೆ ಅಪಚಾರವಾದೀತು. ಹೊಸ ರಾಜ್ಯ ಬಂದಾಗ ಅಧಿಕಾರ ದೊರೆತುದು ನಿಜಲಿಂಗಪ್ಪನವರಿಗೆ. ಅಧಿಕಾರ ಕಳೆದುಕೊಂಡವರು ಹನುಮಂತಯ್ಯನವರು.

1956ರ ಆಗಸ್ಟ್ 31ರಂದು ರಾಜ್ಯ ಪುನರ್ವಿಂಗಡಣಾ ಶಾಸನಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. 3ನೆಯ ವಿಧಿಯನ್ನು ರಚಿಸಿದ ಸಭೆಯಲ್ಲಿದ್ದ ಚಿತ್ರದುರ್ಗದ ವಕೀಲರು, ಅದೇ ವಿಧಿಯಿಂದ ಕನ್ನಡ ನಾಡನ್ನು ಕೂಡಿಸಿದ ಲೋಕಸಭೆಯಲ್ಲಿಯೂ ಇದ್ದರು. ಹಳೆಯ ಮೈಸೂರು, ಮುಂಬಯಿ ಪ್ರಾಂತದ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಕನ್ನಡ ಭಾಗಗಳು, ದಕ್ಷಿಣ ಕನ್ನಡ, ಕೊಳ್ಳೇಗಾಲ, ಕೊಡಗುಗಳು ಸೇರಿ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಉದಯಿಸಿತು. ಬಾಬು ರಾಜೇಂದ್ರಪ್ರಸಾದರು ಅದನ್ನು ಉದ್ಘಾಟಿಸಿದರು. ನಿಜಲಿಂಗಪ್ಪನವರು ಅದರ ಮೊದಲ ಮುಖ್ಯಮಂತ್ರಿಗಳಾದರು. ಕಾಸರಗೋಡು ಮಾತ್ರ ಕೇರಳದ ಪಾಲಾಯಿತು. ಆ ನೋವು ಇಂದಿಗೂ ಆರಿಲ್ಲ.

ಮುಖ್ಯಮಂತ್ರಿ ಪದವಿಯ ಕಾಲವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 1958ರಲ್ಲಿ ಪಕ್ಷದೊಳಗಿನ ಭಿನ್ನಮತದಿಂದ ಅವರು ಸ್ಥಾನ ಬಿಟ್ಟಾಗ, ಜಮಖಂಡಿಯಲ್ಲಿ ವಕೀಲರಾಗಿದ್ದ ಬಿ. ಡಿ. ಜತ್ತಿಯವರು ಆ ಸ್ಥಾನಕ್ಕೆ ಬಂದರು. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ತಮ್ಮದೇ ಜಿಲ್ಲೆಯ ಹೊಸದುರ್ಗದಲ್ಲಿ ಸೋತರು. ಎಸ್. ಆರ್. ಕಂಠಿಯವರು ಕೆಲವು ತಿಂಗಳು ಆಡಳಿತ ನಡೆಸಿದ ಮೇಲೆ, ಬಾಗಲಕೋಟೆಯ ಉಪಚುನಾವಣೆಯಿಂದ ವಿಧಾನಸಭೆಗೆ ಬಂದ ನಿಜಲಿಂಗಪ್ಪನವರು ಜೂನ್ 21ರಂದು ಮತ್ತೆ ಮುಖ್ಯಮಂತ್ರಿಗಳಾದರು. ಮನೆಯೂರಿನವರು ಕೈಬಿಟ್ಟಾಗ ಆರು ವರ್ಷಗಳ ಹಿಂದೆ ಪರಪ್ರಾಂತವಾಗಿದ್ದ ಬಾಗಲಕೋಟೆ ಕೈಹಿಡಿಯಿತು. ಏಕೀಕರಣದ ಫಲವೆಂದರೆ ಇದು. 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯನ್ನಾಗಿಸುವ ಶಾಸನವಾಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಅದೇ ವರ್ಷ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ಕೃಷ್ಣಾ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಗಡಿಯ ವ್ಯಾಜ್ಯಕ್ಕಾಗಿ 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ, ಮರುವರ್ಷ ಬೆಳಗಾವಿ ನಗರ ನಮ್ಮಲ್ಲಿಯೇ ಇರಬೇಕೆಂದೂ ಕಾಸರಗೋಡಿನ ಚಂದ್ರಗಿರಿಯ ಉತ್ತರ ಭಾಗ ನಮಗೆ ಬರಬೇಕೆಂದೂ ತೀರ್ಪಿತ್ತಿತು.

1968ರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. ಅವರ ಜೀವನದ ಅತಿ ಕಠಿಣ ಪರೀಕ್ಷೆ ಕಾದಿದ್ದುದು ಇಲ್ಲಿ. 1969ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಸೇರಿದ ಅಧಿವೇಶನದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಗೂ ಪಕ್ಷದ ಹಿರಿಯರಿಗೂ ಬಿರುಕು ಬಹಿರಂಗವಾಯಿತು. ರಾಷ್ಟ್ರಪತಿ ಚುನಾವಣೆಗೆ ಪಕ್ಷ ನಿಲ್ಲಿಸಿದವರು ಸಂಜೀವ ರೆಡ್ಡಿಯವರು. ಪ್ರಧಾನಿಯವರ ಕಡೆಯವರು ಆತ್ಮಸಾಕ್ಷಿಯ ಮತವನ್ನು ಕೇಳಿದರು, ಆಗಸ್ಟಿನಲ್ಲಿ ವಿ. ವಿ. ಗಿರಿಯವರು ಗೆದ್ದರು. ಪಕ್ಷದ ಅಭ್ಯರ್ಥಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೇಳಲು ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡಿದ್ದು ಎದುರಾಳಿಗಳಿಗೆ ಒಳ್ಳೆಯ ಅಸ್ತ್ರವಾಯಿತು. ನವೆಂಬರ್ 1ರಂದು ದಿಲ್ಲಿಯಲ್ಲಿ ಕಾರ್ಯಸಮಿತಿ ಎರಡಾಗಿ ಎರಡು ಕಡೆ ಕೂಡಿತು. ಕನ್ನಡ ನಾಡು ಒಂದಾದ ದಿನದ ಹದಿಮೂರನೆಯ ವರ್ಷಕ್ಕೆ ಸರಿಯಾಗಿ, ಅದರ ಮೊದಲ ಮುಖ್ಯಮಂತ್ರಿಯ ಪಕ್ಷ ಎರಡಾಯಿತು. ನವೆಂಬರ್ 12ರಂದು ಅಧ್ಯಕ್ಷರ ಕಡೆಯ ಕಾರ್ಯಸಮಿತಿ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿತು.

ನಿಯಮದ ಪುಸ್ತಕ ಅಧ್ಯಕ್ಷರ ಕೈಯಲ್ಲಿತ್ತು. ಪಕ್ಷದ ಅಧಿಕೃತ ಅಭ್ಯರ್ಥಿಯನ್ನು ಸೋಲಿಸಿದವರು ಶಿಸ್ತಿಗೆ ಒಳಪಡಬೇಕೆಂಬ ಅವರ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಸದಸ್ಯರ ಹೆಚ್ಚಿನ ಸಂಖ್ಯೆ ಪ್ರಧಾನಿಯವರ ಕಡೆ ಹೋಯಿತು. ಬ್ಯಾಂಕುಗಳ ರಾಷ್ಟ್ರೀಕರಣದಿಂದ ಬಡವರ ಮನಸ್ಸೂ ಅತ್ತ ಒಲಿದಿತ್ತು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೆ ಸಂದವು. ಹಳೆಯ ಕಾಂಗ್ರೆಸ್ಸಿಗೆ ದೇಶದಲ್ಲೆಲ್ಲ ಸಿಕ್ಕಿದ್ದು 16. ಜೋಡೆತ್ತಿನ ಚಿಹ್ನೆ ಯಾರದೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1971ರ ನವೆಂಬರ್ 11ರಂದು ಬಂದ ತೀರ್ಪಿನಲ್ಲಿ ನ್ಯಾಯಾಲಯವು ಸದಸ್ಯರ ಬಹುಮತವೇ ಸರಿಯಾದ ಒರೆಗಲ್ಲೆಂದಿತು. ಪಕ್ಷದ ನಿಬಂಧನೆಗಳನ್ನು ನೆಚ್ಚಿ ನಡೆದ ವಕೀಲರು ಜನರೆದುರು ಸೋತ ಮೇಲೆ ನ್ಯಾಯಪೀಠದ ಎದುರಿಗೂ ಸೋತರು.

ಈ ಎರಡು ಪ್ರಕರಣಗಳನ್ನು ಕೂಡಿಸಿ ನೋಡಿದಾಗ ತಾತ್ಪರ್ಯ ಹೊಳೆಯುತ್ತದೆ. 1956ರಲ್ಲಿ ಕಾನೂನಿನ ಕ್ರಮದ ಹಿಂದೆ ಕೋಟಿ ಜನರ ಹಂಬಲವಿತ್ತು. ಆದ್ದರಿಂದ ಅದು ನಾಡನ್ನು ಕಟ್ಟಿತು. 1969ರಲ್ಲಿ ಅದೇ ಕ್ರಮದ ಹಿಂದೆ ಜನರಿರಲಿಲ್ಲ. ಆದ್ದರಿಂದ ಅದು ಬರಿಯ ಕಾಗದವಾಯಿತು. ಹಾಗೆಂದು ಅದನ್ನು ಕೈಬಿಟ್ಟು ಬಹುಮತದ ಗಾಳಿಗೆ ತೂರಿಕೊಳ್ಳುವುದೇ ಜಾಣತನವೆಂದು ಯಾರೂ ಹೇಳಲಾರರು. ಗೆಲ್ಲುವ ಸಂಖ್ಯೆಯೊಂದನ್ನೇ ಒರೆಗಲ್ಲಾಗಿ ಮಾಡಿಕೊಂಡ ಪಕ್ಷಗಳ ಮುಂದಿನ ಚರಿತ್ರೆಯನ್ನು ಬಲ್ಲವರು ನಿಜಲಿಂಗಪ್ಪನವರ ಸೋಲನ್ನು ನೋಡಿ ನಗಲಾರರು.

ಸೋತವರು ದಿಲ್ಲಿಯಲ್ಲಿ ಉಳಿದು ಇನ್ನೊಂದು ಗುಂಪಿನಲ್ಲಿ ಪದವಿಗೆ ಕೈಚಾಚಲಿಲ್ಲ. ಅಧಿಕಾರ ರಾಜಕಾರಣದಿಂದ ಹಿಂದೆ ಸರಿದರು. ತಾವು ಎಳೆತನದಲ್ಲಿ ಓದಿ, ಯೌವನದಲ್ಲಿ ವಕೀಲಿ ಮಾಡಿದ ಚಿತ್ರದುರ್ಗದಲ್ಲಿಯೇ 2000ದ ಆಗಸ್ಟ್ 8ರಂದು, ತೊಂಬತ್ತೇಳನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಆ ವರ್ಷದ ನವೆಂಬರಿನಲ್ಲಿ ಛತ್ತೀಸಗಢ, ಉತ್ತರಾಂಚಲ, ಝಾರ್ಖಂಡ ಎಂಬ ಮೂರು ಹೊಸ ರಾಜ್ಯಗಳು ಅದೇ 3ನೆಯ ವಿಧಿಯ ಆಧಾರದಿಂದ ಹುಟ್ಟಿದವು. ವಿಧಿಯನ್ನು ರಚಿಸಿದ ಸಭೆಯ ಸದಸ್ಯರು ಒಬ್ಬೊಬ್ಬರಾಗಿ ಕಾಲವಾಗುತ್ತಿದ್ದರು. ಅವರು ಬರೆದಿಟ್ಟದ್ದು ಕೆಲಸ ಮಾಡುತ್ತಲೇ ಇತ್ತು. ಶಾಸನಕರ್ತನ ಕಾಯಕದ ಫಲವನ್ನು ಅಳೆಯಬೇಕಾದುದು ಹೀಗೆ.